ಕೂಮರಿನ್ ಎಂಬ ಪರಿಮಳದ ಅಣು ದೇಹದೊಳಗೆ ಹೋಗಿ ಹೊರಬರುವ ಬಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಿಗ್ಗೆ ಮೈಗೆ ಸೆಂಟು ಹಾಕಿಕೊಂಡರೆ ಸಂಜೆಯ ಹೊತ್ತಿಗೆ ಅದರ ಘಮ ಬಹುಪಾಲು ಹೋಗಿರುತ್ತದೆ. ಅದರಲ್ಲಿ ಗಾಳಿಗೆ ಹೋದದ್ದು ಎಷ್ಟು, ಚರ್ಮದ ಮೂಲಕ ರಕ್ತಕ್ಕೆ ಇಳಿದದ್ದು ಎಷ್ಟು, ಇಳಿದದ್ದು ಮುಂದೆ ಏನಾಯಿತು? ಸುಗಂಧ ರಾಸಾಯನಿಕಗಳು ನೂರಾರು ಇವೆ, ಪ್ರತಿಯೊಂದರ ದಾರಿಯೂ ಬೇರೆ. ಎಲ್ಲವನ್ನೂ ಸೇರಿಸಿ ಒಂದೇ ಉತ್ತರ ಕೊಟ್ಟರೆ ಅದು ಯಾವುದಕ್ಕೂ ಸರಿಹೊಂದುವುದಿಲ್ಲ. ಹಾಗಾಗಿ ಇಲ್ಲಿ ಕೂಮರಿನ್ ಒಂದನ್ನೇ ಹಿಡಿದಿದ್ದೇವೆ. ಮನುಷ್ಯರ ಮೇಲೆಯೇ ಅಳೆದು ನೋಡಿದ ಅಂಕಿಗಳು ಇದಕ್ಕೆ ಇರುವಷ್ಟು ಬೇರೆ ಪರಿಮಳದ ಅಣುಗಳಿಗೆ ಸಿಗುವುದು ಅಪರೂಪ.

ಕೂಮರಿನ್ ಎಂದರೇನು?

9 ಇಂಗಾಲ, 6 ಜಲಜನಕ, 2 ಆಮ್ಲಜನಕದ ಪರಮಾಣುಗಳಿಂದಾದ ಪುಟ್ಟ ಅಣು ಇದು. ಅಣುತೂಕ 146. ಶುದ್ಧ ರೂಪದಲ್ಲಿ ಬಿಳಿ ಹರಳು, ಸುಮಾರು 70 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ವಾಸನೆ ಒಣಗಿದ ಹುಲ್ಲಿನದು, ಜೊತೆಗೆ ವೆನಿಲ್ಲಾದ ಸಿಹಿಯೂ ಇರುತ್ತದೆ. 1820ರಲ್ಲಿ ಟೊಂಕಾ ಬೀಜದಿಂದ ಮೊದಲು ಬೇರ್ಪಡಿಸಿದರು. 1868ರಲ್ಲಿ ವಿಲಿಯಂ ಹೆನ್ರಿ ಪರ್ಕಿನ್ ಅದನ್ನು ಪ್ರಯೋಗಾಲಯದಲ್ಲೇ ತಯಾರಿಸಿದ. 1882ರಲ್ಲಿ ಊಬಿಗಾಂ ಸಂಸ್ಥೆ ತಂದ ಫೂಜೇರ್ ರೊಯಾಲ್ ಎಂಬ ಸುಗಂಧದಲ್ಲಿ ಈ ಕೃತಕ ಕೂಮರಿನ್ ಇತ್ತು. ಅಲ್ಲಿಂದ ಇಂದಿನವರೆಗೆ ಸೆಂಟು, ಸೋಪು, ಲೋಷನ್, ಶೇವಿಂಗ್ ನಂತರದ ದ್ರವ ಎಲ್ಲದರಲ್ಲೂ ಇದು ಇದೆ. ರಾಸಾಯನಿಕಗಳ ಪಟ್ಟಿಯಲ್ಲಿ ಹುಡುಕುವವರಿಗೆ ಇದರ ಸಿಎಎಸ್ ಸಂಖ್ಯೆ 91-64-5.

ಇದು ರಕ್ತ ತೆಳುವಾಗಿಸುವ ಮದ್ದೇ ಅಲ್ಲವೇ?

ಅಲ್ಲ. ಹೆಸರಿನಿಂದ ಹುಟ್ಟಿದ ಗೊಂದಲ ಇದು. ವಾರ್ಫರಿನ್ ಮತ್ತು ಅದರ ಬಳಗದ ಔಷಧಗಳ ರಚನೆಯಲ್ಲಿ ಕೂಮರಿನ್‌ನ ಚೌಕಟ್ಟು ಇದೆ, ಅದಕ್ಕೇ ಅವನ್ನು ಕೂಮರಿನ್ ಗುಂಪಿನ ಔಷಧಗಳು ಎನ್ನುತ್ತಾರೆ. ಪರಿಮಳಕ್ಕೆ ಬಳಸುವ ಬರಿಯ ಕೂಮರಿನ್‌ಗೆ ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ಗುಣ ಇಲ್ಲ. ಸಿಹಿ ಕ್ಲೋವರ್ ಎಂಬ ಮೇವಿನ ಗಿಡದಲ್ಲಿ ಕೂಮರಿನ್ ಧಾರಾಳವಾಗಿದೆ. ಅದರ ಒಣಹುಲ್ಲಿಗೆ ಬೂಷ್ಟು ಹಿಡಿದಾಗ ಎರಡು ಅಣುಗಳು ಬೆಸೆದು ಡೈಕೂಮರಾಲ್ ಆಗುತ್ತದೆ. ಅಂಥ ಹುಲ್ಲು ತಿಂದ ದನಗಳು ರಕ್ತಸ್ರಾವದಿಂದ ಸಾಯುತ್ತಿದ್ದವು. ದೋಷ ಡೈಕೂಮರಾಲ್‌ನದು. ಮನುಷ್ಯರ ದೇಹ ಕೂಮರಿನ್ ಅನ್ನು ಬದಲಾಯಿಸುವ ದಾರಿಯಲ್ಲಿ ಡೈಕೂಮರಾಲ್ ಬರುವುದಿಲ್ಲ.

ಚರ್ಮಕ್ಕೆ ಹಚ್ಚಿದ್ದರಲ್ಲಿ ಎಷ್ಟು ಒಳಗೆ ಹೋಗುತ್ತದೆ?

ಅರ್ಧಕ್ಕಿಂತ ಹೆಚ್ಚು. ಸ್ವಯಂಸೇವಕರ ಮೇಲೆ ನಡೆದ ಒಂದು ಅಳತೆಯಲ್ಲಿ 70% ಆಲ್ಕೊಹಾಲ್‌ನಲ್ಲಿ ಕರಗಿಸಿದ ಸುಮಾರು 2 ಮಿಲಿಗ್ರಾಂ ಕೂಮರಿನ್ ಅನ್ನು ಪ್ರತಿ ಚದರ ಸೆಂಟಿಮೀಟರಿಗೆ 0.02 ಮಿಲಿಗ್ರಾಂನಂತೆ ಹಚ್ಚಿ 6 ಗಂಟೆ ಬಿಟ್ಟರು. ಅದರಲ್ಲಿ ಸುಮಾರು 60% ದೇಹಕ್ಕೆ ಸೇರಿತ್ತು. ಇಲಿಗಳಲ್ಲಿ ಅದೇ ಅಳತೆ 72%.

ಇಷ್ಟು ಸಲೀಸಾಗಿ ದಾಟುವುದಕ್ಕೆ ಕಾರಣ ಅಣುವಿನ ಸ್ವಭಾವದಲ್ಲೇ ಇದೆ. ಚರ್ಮದ ಮೇಲ್ಪದರ ಸತ್ತ ಜೀವಕೋಶಗಳ ಗೋಡೆ, ಕೋಶಗಳ ನಡುವಿನ ಗಾರೆ ಕೊಬ್ಬಿನದು. ಅಣುತೂಕ 500 ದಾಟಿದರೆ ಈ ಗೋಡೆಯಲ್ಲಿ ನುಸುಳುವುದು ಕಷ್ಟ. ಕೂಮರಿನ್ ಬರೀ 146. ಎಣ್ಣೆಗೆ ಒಲಿಯುತ್ತದೋ ನೀರಿಗೆ ಒಲಿಯುತ್ತದೋ ಎಂಬುದನ್ನು ಲಾಗ್ ಪಿ ಎಂಬ ಅಂಕಿಯಿಂದ ಅಳೆಯುತ್ತಾರೆ. ಕೂಮರಿನ್‌ಗೆ ಅದು 1.39, ಅಂದರೆ ನೀರಿಗಿಂತ ಎಣ್ಣೆಯಲ್ಲಿ ಸುಮಾರು 25 ಪಟ್ಟು ಹೆಚ್ಚು ಸೇರುತ್ತದೆ. ಕೊಬ್ಬಿನ ಗಾರೆಯೊಳಗೆ ಹೋಗಲು ಇಷ್ಟು ಒಲವು ಸಾಕು, ಅದರ ಕೆಳಗಿನ ನೀರಿನಂಶದ ಪದರಕ್ಕೆ ಇಳಿಯಲು ಇದು ಅಡ್ಡಿಯೂ ಅಲ್ಲ. ಎಣ್ಣೆಯ ಒಲವು ಇನ್ನೂ ಬಹಳ ಹೆಚ್ಚಿರುವ ಅಣುಗಳು ಮೇಲ್ಪದರದಲ್ಲೇ ಸಿಕ್ಕಿಕೊಂಡು ನಿಧಾನಕ್ಕೆ ಇಳಿಯುತ್ತವೆ.

ಇನ್ನೊಂದು ಸಂಗತಿ ಗಮನಿಸಬೇಕು. ಕೆಲವು ಸುಗಂಧ ಅಣುಗಳನ್ನು, ಮುಖ್ಯವಾಗಿ ಎಸ್ಟರ್‌ಗಳನ್ನು, ಚರ್ಮದಲ್ಲಿರುವ ಕಿಣ್ವಗಳೇ ಒಡೆಯಲು ಶುರುಮಾಡುತ್ತವೆ. ಕೂಮರಿನ್ ಚರ್ಮವನ್ನು ಹೇಗೆ ಹೊಕ್ಕಿತೋ ಹಾಗೇ, ಬದಲಾಗದೆ ರಕ್ತ ಸೇರುತ್ತದೆ. ಅದನ್ನು ಬದಲಾಯಿಸುವ ಕೆಲಸ ಪಿತ್ತಜನಕಾಂಗದ್ದು.

ಹೀರಿಕೆ ಯಾವುದರಿಂದ ಹೆಚ್ಚುತ್ತದೆ, ಯಾವುದರಿಂದ ಕಡಿಮೆಯಾಗುತ್ತದೆ?

ಎಲ್ಲಕ್ಕಿಂತ ದೊಡ್ಡ ವ್ಯತ್ಯಾಸ ಮಾಡುವುದು ಮುಚ್ಚಿಗೆ. ಹಚ್ಚಿದ ಜಾಗದ ಮೇಲೆ ಬಿಗಿಯಾದ ಬಟ್ಟೆ, ಪ್ಲಾಸ್ಟರ್, ಡೈಪರ್ ಇದ್ದರೆ ಆವಿಯಾಗಿ ಹೋಗಬೇಕಾದ ಪಾಲು ಅಲ್ಲೇ ಉಳಿಯುತ್ತದೆ. ಬೆವರಿನಿಂದ ಮೇಲ್ಪದರ ನೆನೆದು ಸಡಿಲವಾಗುತ್ತದೆ. ಎರಡೂ ಸೇರಿ ಹೀರಿಕೆ ಏರುತ್ತದೆ. ತೆರೆದಿಟ್ಟ ಮಣಿಕಟ್ಟಿನಲ್ಲಿ ಅದೇ ಪ್ರಮಾಣದ ಒಂದು ಪಾಲು ಗಾಳಿಗೆ ಹೋಗುತ್ತದೆ.

ನಂತರದ್ದು ಚರ್ಮದ ಸ್ಥಿತಿ. ಕ್ಷೌರ ಮಾಡಿದ ಕೂಡಲೇ, ಇಸುಬು ಇದ್ದಲ್ಲಿ, ಗೀರು ಬಿದ್ದಲ್ಲಿ ಗೋಡೆಯೇ ಬಿರುಕು ಬಿಟ್ಟಿರುತ್ತದೆ. ಶೇವಿಂಗ್ ಆದಮೇಲೆ ಹಚ್ಚುವ ದ್ರವಗಳು ಸರಿಯಾಗಿ ಇದೇ ಸಮಯಕ್ಕೆ ಚರ್ಮಕ್ಕೆ ಬೀಳುತ್ತವೆ ಎಂಬುದನ್ನು ಮರೆಯಬಾರದು. ಯಾವ ದ್ರವದಲ್ಲಿ ಕರಗಿಸಿದ್ದಾರೆ ಎಂಬುದೂ ಮುಖ್ಯ: ಆಲ್ಕೊಹಾಲ್ ನಿಮಿಷಗಳಲ್ಲಿ ಆರಿ ಕೂಮರಿನ್ ಅನ್ನು ತೆಳ್ಳನೆಯ ಗಾಢ ಪದರವಾಗಿ ಬಿಟ್ಟುಹೋಗುತ್ತದೆ, ಅದು ಒಳಕ್ಕೆ ಇಳಿಯಲು ಅನುಕೂಲ. ಎಣ್ಣೆಯಂಶ ಹೆಚ್ಚಿರುವ ಮುಲಾಮು ಅದನ್ನು ತನ್ನಲ್ಲೇ ಸ್ವಲ್ಪ ಹಿಡಿದಿಟ್ಟುಕೊಳ್ಳುತ್ತದೆ.

ಸೋಪು, ಶಾಂಪೂ ವಿಷಯ ಬೇರೆ. ತೊಳೆದುಹೋಗುವ ಇಂಥ ವಸ್ತುಗಳಲ್ಲಿ ಚರ್ಮದ ಮೇಲೆ ಉಳಿಯುವುದು ಬಳಸಿದ್ದರ ಸುಮಾರು 1% ಎಂದೇ ಲೆಕ್ಕ ಹಿಡಿಯುವುದು ವಾಡಿಕೆ.

ಮೂಗಿನಿಂದ ಒಳಗೆ ಹೋಗುವುದಿಲ್ಲವೇ?

ಹೋಗುತ್ತದೆ, ಆದರೆ ಕೂಮರಿನ್ ಮಟ್ಟಿಗೆ ಅದು ಚಿಕ್ಕ ಬಾಗಿಲು. ಇದು ಹರಳು ರೂಪದ, ನಿಧಾನಕ್ಕೆ ಆವಿಯಾಗುವ ವಸ್ತು. ಸುಗಂಧ ತಯಾರಕರು ಇದನ್ನು ಕೊನೆಯವರೆಗೂ ನಿಲ್ಲುವ ತಳದ ಪರಿಮಳವಾಗಿ ಬಳಸುವುದೂ ಅದಕ್ಕೇ. ಲಿಮೊನೀನ್‌ನಂಥ ಬೇಗ ಹಾರುವ ಅಣುಗಳಲ್ಲಿ ಉಸಿರಿನ ಪಾಲು ದೊಡ್ಡದು. ಸ್ಪ್ರೇ ಮಾಡುವಾಗ ಏಳುವ ಸಣ್ಣ ಹನಿಗಳ ಮಂಜು ಮಾತ್ರ ಬೇರೆ ಮಾತು. ಮುಚ್ಚಿದ ಬಚ್ಚಲಲ್ಲಿ ಮುಖದ ಹತ್ತಿರ ಸ್ಪ್ರೇ ಮಾಡಿದರೆ ಹನಿಗಳೇ ಒಳಗೆ ಹೋಗುತ್ತವೆ. ಶ್ವಾಸಕೋಶದ ಮೂಲಕ ಹೋದದ್ದು, ಚರ್ಮದ ಮೂಲಕ ಹೋದದ್ದರಂತೆಯೇ, ಪಿತ್ತಜನಕಾಂಗವನ್ನು ಮೊದಲು ಮುಟ್ಟದೆ ರಕ್ತಕ್ಕೆ ಸೇರುತ್ತದೆ.

ಬಾಯಿಂದ ಹೋದರೆ ಏನು ವ್ಯತ್ಯಾಸ?

ಈ ಇಡೀ ವಿಷಯದ ಕೀಲಿ ಇಲ್ಲೇ ಇದೆ.

ಕರುಳು ಕೂಮರಿನ್ ಅನ್ನು ಬೇಗನೆ, ಹೆಚ್ಚುಕಡಿಮೆ ಪೂರ್ತಿಯಾಗಿ ಹೀರಿಕೊಳ್ಳುತ್ತದೆ. ಆದರೆ ಕರುಳಿನ ರಕ್ತ ನೇರ ಹೃದಯಕ್ಕೆ ಹೋಗುವುದಿಲ್ಲ, ಮೊದಲು ಪೋರ್ಟಲ್ ರಕ್ತನಾಳದ ಮೂಲಕ ಪಿತ್ತಜನಕಾಂಗಕ್ಕೆ ಹೋಗುತ್ತದೆ. ಅಲ್ಲಿ ಮೊದಲ ಸುತ್ತಿನಲ್ಲೇ ಬಹುತೇಕ ಎಲ್ಲವೂ ಬೇರೆ ಅಣುವಾಗಿಬಿಡುತ್ತದೆ. ನುಂಗಿದ ಕೂಮರಿನ್‌ನಲ್ಲಿ ಬದಲಾಗದೆ ದೇಹದ ಉಳಿದ ಭಾಗಕ್ಕೆ ತಲುಪುವುದು ಬರೀ 2ರಿಂದ 6%.

ಚರ್ಮದಿಂದ ಹೋದದ್ದಕ್ಕೆ ಈ ಸೋಸುವಿಕೆ ಇಲ್ಲ. ಅದು ಮೊದಲು ಇಡೀ ದೇಹ ಸುತ್ತಿ, ಆಮೇಲೆ ಸ್ವಲ್ಪಸ್ವಲ್ಪವಾಗಿ ಪಿತ್ತಜನಕಾಂಗಕ್ಕೆ ಬರುತ್ತದೆ. ಹಾಗಾಗಿ ಒಂದೇ 1 ಮಿಲಿಗ್ರಾಂ ಎರಡು ದಾರಿಯಲ್ಲಿ ಎರಡು ಬಗೆಯ ಪರಿಣಾಮ ಮಾಡುತ್ತದೆ. ಬಾಯಿಂದ ಹೋದರೆ ರಕ್ತದಲ್ಲಿ ಕೂಮರಿನ್ ಕಾಣುವುದೇ ಕಡಿಮೆ, ಆದರೆ ಪಿತ್ತಜನಕಾಂಗಕ್ಕೆ ಒಮ್ಮೆಲೇ ಭಾರ ಬೀಳುತ್ತದೆ. ಚರ್ಮದಿಂದ ಹೋದರೆ ರಕ್ತದಲ್ಲಿ ಕೂಮರಿನ್ ಹೆಚ್ಚು ಹೊತ್ತು ಸುತ್ತುತ್ತದೆ, ಪಿತ್ತಜನಕಾಂಗಕ್ಕೆ ಬೀಳುವ ಭಾರ ಮಾತ್ರ ಹರಡಿ, ಹಗುರವಾಗಿ ಬರುತ್ತದೆ. ಕೂಮರಿನ್ ಹಾನಿ ಮಾಡುವುದಾದರೆ ಪಿತ್ತಜನಕಾಂಗಕ್ಕೇ ಆದ್ದರಿಂದ ಈ ಭೇದ ಬರೀ ಶಾಸ್ತ್ರದ ಮಾತಲ್ಲ.

ಪಿತ್ತಜನಕಾಂಗದಲ್ಲಿ ನಿಜವಾಗಿ ನಡೆಯುವುದೇನು?

ಅಲ್ಲಿ ದಾರಿ ಕವಲೊಡೆಯುತ್ತದೆ.

ಮನುಷ್ಯರಲ್ಲಿ ಹೆದ್ದಾರಿ ಎಂದರೆ 7ನೇ ಸ್ಥಾನದ್ದು. ಸಿವೈಪಿ2ಎ6 ಎಂಬ ಕಿಣ್ವ ಅಣುವಿನ 7ನೇ ಇಂಗಾಲಕ್ಕೆ ಒಂದು ಹೈಡ್ರಾಕ್ಸಿಲ್ ಗುಂಪನ್ನು ಜೋಡಿಸುತ್ತದೆ. ಹುಟ್ಟುವುದು 7-ಹೈಡ್ರಾಕ್ಸಿಕೂಮರಿನ್. ಈ ಹೈಡ್ರಾಕ್ಸಿಲ್ ಒಂದು ಹಿಡಿಕೆ ಇದ್ದಂತೆ: ಅದನ್ನು ಹಿಡಿದು ಬೇರೆ ಕಿಣ್ವಗಳು ಗ್ಲೂಕುರೋನಿಕ್ ಆಮ್ಲವನ್ನು, ಸ್ವಲ್ಪ ಪಾಲಿಗೆ ಸಲ್ಫೇಟನ್ನು ಕಟ್ಟುತ್ತವೆ. ಎಣ್ಣೆಗೆ ಒಲಿಯುತ್ತಿದ್ದ ಅಣು ಈಗ ನೀರಿನಲ್ಲಿ ಚೆನ್ನಾಗಿ ಕರಗುತ್ತದೆ, ಮೂತ್ರಪಿಂಡ ಅದನ್ನು ಹೊರಗೆ ಹಾಕಲು ಸಿದ್ಧ. ಈ ದಾರಿಯಲ್ಲಿ ಹುಟ್ಟುವ ಯಾವ ಅಣುವೂ ಪಿತ್ತಜನಕಾಂಗವನ್ನು ನೋಯಿಸುವಂಥದ್ದಲ್ಲ.

ಇನ್ನೊಂದು ಕವಲು 3 ಮತ್ತು 4ನೇ ಇಂಗಾಲಗಳ ನಡುವಿನ ಜೋಡಿಬಂಧದ್ದು. ಸಿವೈಪಿ1ಎ2, ಸಿವೈಪಿ2ಇ1ನಂಥ ಕಿಣ್ವಗಳು ಅಲ್ಲಿಗೆ ಆಮ್ಲಜನಕ ಸೇರಿಸಿ 3,4-ಎಪಾಕ್ಸೈಡ್ ಮಾಡುತ್ತವೆ. ಇದು ನಿಲ್ಲಲಾರದ, ಮೈಮೇಲೆ ಬೀಳುವ ಸ್ವಭಾವದ ಅಣು. ಅದಕ್ಕೆ ಎರಡು ಗತಿ. ಜೀವಕೋಶವನ್ನು ಕಾಯುವ ಗ್ಲುಟಾಥಯೋನ್ ಎಂಬ ಅಣು ಸಿಕ್ಕರೆ ಅದಕ್ಕೆ ಅಂಟಿಕೊಂಡು ಶಾಂತವಾಗುತ್ತದೆ. ಸಿಗದಿದ್ದರೆ ಇಂಗಾಲದ ಡೈಆಕ್ಸೈಡ್ ಕಳಚಿಕೊಂಡು ಆರ್ಥೋ-ಹೈಡ್ರಾಕ್ಸಿಫಿನೈಲ್ ಅಸಿಟಾಲ್ಡಿಹೈಡ್ ಆಗುತ್ತದೆ. ಈ ಆಲ್ಡಿಹೈಡೇ ಜೀವಕೋಶಗಳಿಗೆ ವಿಷ. ಅದನ್ನು ಆಲ್ಡಿಹೈಡ್ ಡಿಹೈಡ್ರೋಜಿನೇಸ್ ಕಿಣ್ವ ಆರ್ಥೋ-ಹೈಡ್ರಾಕ್ಸಿಫಿನೈಲ್ ಅಸಿಟಿಕ್ ಆಮ್ಲವಾಗಿ ಮಾಡಿದರೆ ವಿಷ ಇಳಿಯುತ್ತದೆ, ಆ ಆಮ್ಲ ಮೂತ್ರದಲ್ಲಿ ಹೋಗುತ್ತದೆ.

ಯಾವ ಕವಲಿನಲ್ಲಿ ಎಷ್ಟು ಹೋಗುತ್ತದೆ ಎಂಬುದಕ್ಕೆ ಒಳ್ಳೆಯ ಅಳತೆ 1969ರದು. 8 ಸ್ವಯಂಸೇವಕರಿಗೆ 200 ಮಿಲಿಗ್ರಾಂ ಕೂಮರಿನ್ ಬಾಯಿಂದ ಕೊಟ್ಟು 24 ಗಂಟೆಯ ಮೂತ್ರ ನೋಡಿದರು. 7-ಹೈಡ್ರಾಕ್ಸಿಕೂಮರಿನ್ ಆಗಿ ಹೊರಬಂದದ್ದು 68ರಿಂದ 92%, ಸರಾಸರಿ 79%. ಎರಡನೇ ಕವಲಿನ ಆಮ್ಲ ಸರಾಸರಿ 4%.

ಇಲಿಗಳಲ್ಲಿ ಪಿತ್ತಜನಕಾಂಗ ಹಾಳಾಯಿತು ಎಂದು ಓದಿದ್ದೇವೆ. ಅದು ನಮಗೂ ಆಗುತ್ತದೆಯೇ?

ಇಲಿಯ ಫಲಿತಾಂಶವನ್ನು ಹಾಗೇ ಮನುಷ್ಯರಿಗೆ ಹಚ್ಚಬಾರದು. ಇಲಿಯಲ್ಲಿ 7ನೇ ಸ್ಥಾನದ ದಾರಿ ಇಲ್ಲವೇ ಇಲ್ಲ ಎನ್ನುವಷ್ಟು ಕಿರಿದು, 1%ಕ್ಕಿಂತಲೂ ಕಡಿಮೆ. ಹಾಗಾಗಿ ಕೂಮರಿನ್‌ನ ಬಹುಪಾಲು ಎಪಾಕ್ಸೈಡ್ ಕವಲಿಗೆ ತಿರುಗುತ್ತದೆ. ಸಾಲದ್ದಕ್ಕೆ ಅಲ್ಲಿ ಹುಟ್ಟುವ ಆಲ್ಡಿಹೈಡನ್ನು ಆಮ್ಲವಾಗಿಸುವ ವೇಗವೂ ಇಲಿಗಳಲ್ಲಿ ಮನುಷ್ಯರಿಗಿಂತ ಬಹಳ ಕಡಿಮೆ. ವಿಷ ಹುಟ್ಟುವುದೂ ಹೆಚ್ಚು, ಅಳಿಯುವುದೂ ನಿಧಾನ. ಸುಂಡಿಲಿಯದು ಇನ್ನೊಂದು ಕಥೆ: ಅದರ ಶ್ವಾಸಕೋಶದ ಕ್ಲಾರಾ ಕೋಶಗಳಲ್ಲಿ ಎಪಾಕ್ಸೈಡ್ ಮಾಡುವ ಕಿಣ್ವ ದಂಡಿಯಾಗಿದೆ, ಹೀಗಾಗಿ ಏಟು ಅಲ್ಲಿಗೆ ಬೀಳುತ್ತದೆ.

ಹಾಗೆಂದು ಮನುಷ್ಯರಿಗೆ ಏನೂ ಆಗದು ಎನ್ನುವುದೂ ತಪ್ಪು. ಕೂಮರಿನ್ ಅನ್ನು ದುಗ್ಧರಸ ಕಟ್ಟಿ ಕೈಕಾಲು ಬಾಯುವ ಕಾಯಿಲೆಗೆ ಔಷಧವಾಗಿಯೂ ಕೊಟ್ಟಿದ್ದುಂಟು. ದಿನಕ್ಕೆ ಹತ್ತಾರು ಮಿಲಿಗ್ರಾಂನಿಂದ ಗ್ರಾಂಗಟ್ಟಲೆಯವರೆಗೆ ಪಡೆದ 2173 ರೋಗಿಗಳಲ್ಲಿ 8 ಮಂದಿಗೆ, ಅಂದರೆ 0.37% ಜನರಿಗೆ, ಪಿತ್ತಜನಕಾಂಗದ ಕಿಣ್ವಗಳು ರಕ್ತದಲ್ಲಿ ಏರಿದ್ದವು. ಹೆಚ್ಚಿನವರಲ್ಲಿ ಔಷಧ ನಿಲ್ಲಿಸಿದ ಮೇಲೆ ಇದು ಇಳಿಯುತ್ತದೆ. ಇಂಥ ಹಾನಿಯ ಕಾರಣಕ್ಕೇ 1996ರಲ್ಲಿ ಆಸ್ಟ್ರೇಲಿಯಾ ಆ ಔಷಧವನ್ನು ಹಿಂತೆಗೆದುಕೊಂಡಿತು. ಅಂದರೆ ಸಣ್ಣ ಗುಂಪೊಂದು ನಿಜಕ್ಕೂ ಸೂಕ್ಷ್ಮವಾಗಿದೆ. ಸುರಕ್ಷತೆಯ ಮಿತಿಗಳನ್ನು ಅವರನ್ನು ನೆನಪಿನಲ್ಲಿಟ್ಟುಕೊಂಡೇ ಹಾಕಬೇಕು.

ಕ್ಯಾನ್ಸರ್ ಬಗ್ಗೆ ಕೇಳುವವರಿಗೆ: ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಕೂಮರಿನ್ ಅನ್ನು 3ನೇ ಗುಂಪಿನಲ್ಲಿಟ್ಟಿದೆ. ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆಂದು ವರ್ಗೀಕರಿಸಲು ಆಧಾರ ಸಾಲದ ವಸ್ತುಗಳ ಗುಂಪು ಅದು.

ದೇಹದಿಂದ ಹೇಗೆ, ಎಷ್ಟು ಬೇಗ ಹೊರಹೋಗುತ್ತದೆ?

ಮನುಷ್ಯರಲ್ಲಿ ಮೂತ್ರದ ಮೂಲಕ, ಗಂಟೆಗಳ ಲೆಕ್ಕದಲ್ಲಿ. ನುಂಗಿದಾಗ ರಕ್ತದಲ್ಲಿನ ಕೂಮರಿನ್ ಅರ್ಧಕ್ಕೆ ಇಳಿಯಲು ಸುಮಾರು 1 ಗಂಟೆ ಸಾಕು. ಚರ್ಮಕ್ಕೆ ಹಚ್ಚಿದ ಅಧ್ಯಯನದಲ್ಲಿ ಈ ಅರ್ಧಾಯು ಸುಮಾರು 1.7 ಗಂಟೆ, ಇಲಿಗಳಲ್ಲಿ 5 ಗಂಟೆ.

ಇಲಿಗಳಲ್ಲಿ ಗಣನೀಯ ಪಾಲು ಪಿತ್ತರಸದ ಮೂಲಕ ಮಲಕ್ಕೆ ಹೋಗುತ್ತದೆ, ನಮ್ಮಲ್ಲಿ ಹಾಗಿಲ್ಲ. ಕಾರಣ ಗಾತ್ರದ್ದು. ಒಂದು ಅಣು ಪಿತ್ತರಸಕ್ಕೆ ಇಳಿಯಬೇಕಾದರೆ ಅದು ಒಂದು ಮಟ್ಟಿಗಿಂತ ದಪ್ಪ ಇರಬೇಕು. ಇಲಿಯಲ್ಲಿ ಆ ಗೆರೆ ಅಣುತೂಕ 325ರ ಆಸುಪಾಸು, ಮನುಷ್ಯರಲ್ಲಿ ಸುಮಾರು 500. ನಮ್ಮಲ್ಲಿ ಹುಟ್ಟುವ 7-ಹೈಡ್ರಾಕ್ಸಿಕೂಮರಿನ್ ಗ್ಲೂಕುರೋನೈಡ್‌ನ ತೂಕ 338, ಅದಕ್ಕೆ ಮೂತ್ರದ ದಾರಿಯೇ ಸರಿ. ಇಲಿಯಲ್ಲಿ ಎಪಾಕ್ಸೈಡ್‌ಗೆ ಗ್ಲುಟಾಥಯೋನ್ ಅಂಟಿದಾಗ ತೂಕ 450ನ್ನೂ ಮೀರುತ್ತದೆ, ಅದು ಪಿತ್ತರಸಕ್ಕೆ ಹೋಗುತ್ತದೆ.

ದಿನಾ ಬಳಸಿದರೆ ದೇಹದಲ್ಲಿ ಕೂಡಿಕೊಳ್ಳುತ್ತಾ ಹೋಗುತ್ತದೆಯೇ?

ಇಲ್ಲ. ಲೆಕ್ಕ ಹಾಕಿ ನೋಡಿ: ಅರ್ಧಾಯು 1.7 ಗಂಟೆಯಾದರೆ 24 ಗಂಟೆಯಲ್ಲಿ 14 ಸಲ ಅರ್ಧಕ್ಕೆ ಇಳಿಯುತ್ತದೆ. 14 ಸಲ ಅರ್ಧ ಮಾಡಿದರೆ ಉಳಿಯುವುದು ಮೊದಲಿನದರ 16,384ನೇ ಒಂದು ಪಾಲು. ಚರ್ಮದ ಮೇಲ್ಪದರದಲ್ಲಿ ತಂಗಿದ್ದು ನಿಧಾನಕ್ಕೆ ಇಳಿಯುತ್ತಿದ್ದರೆ ಇದು ಕೆಲವು ಗಂಟೆ ಮುಂದಕ್ಕೆ ಹೋಗಬಹುದು, ಆದರೂ ಮರುದಿನದ ಹೊತ್ತಿಗೆ ಹಿಂದಿನ ದಿನದ್ದು ಉಳಿದಿರುವುದಿಲ್ಲ.

ಎಲ್ಲ ಪರಿಮಳದ ಅಣುಗಳೂ ಹೀಗಲ್ಲ ಎಂಬುದಕ್ಕೆ ಮಸ್ಕ್ ಜೈಲೀನ್ ಸಾಕ್ಷಿ. ಕೃತಕ ಕಸ್ತೂರಿ ವಾಸನೆಯ ಈ ಅಣು ಕೊಬ್ಬಿಗೆ ಬಲವಾಗಿ ಒಲಿಯುತ್ತದೆ, ದೇಹದ ಕೊಬ್ಬಿನಲ್ಲಿ, ಎದೆಹಾಲಿನಲ್ಲಿ ಪತ್ತೆಯಾಗಿದೆ. ಮನುಷ್ಯರಲ್ಲಿ ಅದರ ಅರ್ಧಾಯು ತಿಂಗಳುಗಳಷ್ಟು. ಯುರೋಪಿನ ಒಕ್ಕೂಟ 2011ರಲ್ಲಿ ಅದನ್ನು ಅನುಮತಿಯಿಲ್ಲದೆ ಬಳಸಬಾರದ ವಸ್ತುಗಳ ಮೊದಲ ಪಟ್ಟಿಗೇ ಸೇರಿಸಿತು. ಯಾವ ಸುಗಂಧ ರಾಸಾಯನಿಕದ ಬಗ್ಗೆ ಓದುವಾಗಲೂ ಮೊದಲು ಕೇಳಬೇಕಾದ್ದು ಇದು: ದೇಹ ಇದಕ್ಕೆ ಹಿಡಿಕೆ ಜೋಡಿಸಿ ನೀರಿಗೆ ತಳ್ಳಬಲ್ಲದೇ, ಅಥವಾ ಕೊಬ್ಬಿನಲ್ಲಿ ಕೂರಲು ಬಿಡುತ್ತದೆಯೇ?

ಎಲ್ಲರಲ್ಲೂ ಇದೇ ವೇಗವೇ?

ಅಲ್ಲ. ಹೆದ್ದಾರಿಯ ಕಿಣ್ವ ಸಿವೈಪಿ2ಎ6ರ ಜೀನ್ 19ನೇ ವರ್ಣತಂತುವಿನಲ್ಲಿದೆ, ಅದರಲ್ಲಿ ವ್ಯಕ್ತಿಯಿಂದ ವ್ಯಕ್ತಿಗೆ ಬಹಳ ಬದಲಾವಣೆ ಕಾಣುತ್ತದೆ. ಕೆಲವರಲ್ಲಿ ಆ ಜೀನ್ ಪೂರ್ತಿ ಕಾಣೆಯಾಗಿರುತ್ತದೆ. ಪೂರ್ವ ಏಷ್ಯಾದ ಜನಸಮುದಾಯಗಳಲ್ಲಿ ಇದು ಬೇರೆಡೆಗಿಂತ ಹೆಚ್ಚು. ಇಂಥವರಲ್ಲಿ 7-ಹೈಡ್ರಾಕ್ಸಿಕೂಮರಿನ್ ತೀರಾ ಕಡಿಮೆ, ಎರಡನೇ ಕವಲಿನ ಆಮ್ಲ ಹೆಚ್ಚು. ಇದನ್ನು ಕೇಳಿದ ಕೂಡಲೇ ಅವರ ಪಿತ್ತಜನಕಾಂಗ ಅಪಾಯದಲ್ಲಿದೆ ಎಂದು ತೀರ್ಮಾನಿಸಬೇಡಿ: ಔಷಧ ಪಡೆದ ರೋಗಿಗಳಲ್ಲಿ ಜೀನ್ ಮಾದರಿಗೂ ಪಿತ್ತಜನಕಾಂಗದ ತೊಂದರೆಗೂ ನೇರ ನಂಟು ಸಿಕ್ಕಿಲ್ಲ. ಎಪಾಕ್ಸೈಡ್ ಹುಟ್ಟುವ ವೇಗದಷ್ಟೇ ಅದನ್ನು ಶಾಂತಗೊಳಿಸುವ ಶಕ್ತಿಯೂ ಮುಖ್ಯ.

ನಿಕೋಟಿನ್ ಅನ್ನು ಕೋಟಿನಿನ್ ಆಗಿಸುವುದೂ ಇದೇ ಕಿಣ್ವ. ಸೋರಿಯಾಸಿಸ್‌ಗೆ ಕೊಡುವ ಮೆಥಾಕ್ಸ್‌ಸಲೇನ್ ಇದನ್ನು ಬಲವಾಗಿ ತಡೆಯುತ್ತದೆ. ಗ್ರೇಪ್‌ಫ್ರೂಟ್ ರಸವೂ 7-ಹೈಡ್ರಾಕ್ಸಿಕೂಮರಿನ್ ಹೊರಬರುವುದನ್ನು ತಡಮಾಡುತ್ತದೆ. ಪಿತ್ತಜನಕಾಂಗದ ತೀವ್ರ ಕಾಯಿಲೆಯಲ್ಲಿ ಕಿಣ್ವದ ಪ್ರಮಾಣವೇ ಕುಸಿದಿರುತ್ತದೆ.

ದೇಹ ಕೂಮರಿನ್ ಅನ್ನು ಹೇಗೆ ಬದಲಾಯಿಸುತ್ತಿದೆ ಎಂದು ಅಳೆಯುವುದು ಹೇಗೆ?

ಇದು ವೈದ್ಯರ ಮೇಲ್ವಿಚಾರಣೆಯಲ್ಲಿ, ಪ್ರಯೋಗಾಲಯದಲ್ಲಿ ಮಾಡುವ ಪರೀಕ್ಷೆ. ಸಿವೈಪಿ2ಎ6 ಎಷ್ಟು ಚುರುಕಾಗಿದೆ ಎಂದು ತಿಳಿಯಲು ಬಳಸುತ್ತಾರೆ. ಕ್ರಮ ಹೀಗೆ.

ಹಿಂದಿನ ದಿನದಿಂದ ದಾಲ್ಚಿನ್ನಿ, ಗ್ರೇಪ್‌ಫ್ರೂಟ್, ಕೂಮರಿನ್ ಇರುವ ಲೋಷನ್ ಮತ್ತು ಸೆಂಟು ಬಿಡಬೇಕು. ರಾತ್ರಿಯಿಡೀ ಉಪವಾಸವಿದ್ದು, ಬೆಳಿಗ್ಗೆ ಮೂತ್ರ ಪೂರ್ತಿ ವಿಸರ್ಜಿಸಿ, ಅದರಲ್ಲಿ ಸ್ವಲ್ಪವನ್ನು ಖಾಲಿ ಮಾದರಿಯಾಗಿ ಎತ್ತಿಡಬೇಕು. ಆಮೇಲೆ 5 ಮಿಲಿಗ್ರಾಂ ಕೂಮರಿನ್ ನೀರಿನೊಂದಿಗೆ ಕೊಡುತ್ತಾರೆ. ಮುಂದಿನ 8 ಗಂಟೆಯ ಮೂತ್ರವನ್ನು ಒಂದು ಹನಿಯೂ ಬಿಡದೆ ಸಂಗ್ರಹಿಸಿ, ಒಟ್ಟು ಪ್ರಮಾಣ ಬರೆದುಕೊಂಡು, ಒಂದು ಪಾಲನ್ನು ಮೈನಸ್ 20 ಡಿಗ್ರಿಯಲ್ಲಿ ಇಡುತ್ತಾರೆ. ಅಳೆಯುವ ಮೊದಲು ಬೀಟಾ-ಗ್ಲೂಕುರೋನಿಡೇಸ್ ಕಿಣ್ವ ಸೇರಿಸಿ 37 ಡಿಗ್ರಿಯಲ್ಲಿ ಇಟ್ಟು, ಕಟ್ಟಿದ ಗ್ಲೂಕುರೋನಿಕ್ ಆಮ್ಲವನ್ನು ಬಿಡಿಸುತ್ತಾರೆ. ಬಿಡುಗಡೆಯಾದ 7-ಹೈಡ್ರಾಕ್ಸಿಕೂಮರಿನ್ ಅನ್ನು ದ್ರಾವಕದಿಂದ ಎತ್ತಿ, ಪಿಎಚ್ 10ರ ಸುಮಾರಿನ ಕ್ಷಾರೀಯ ದ್ರಾವಣಕ್ಕೆ ತಂದರೆ ಅದು ನೀಲಿಯಾಗಿ ಹೊಳೆಯುತ್ತದೆ. ಸುಮಾರು 370 ನ್ಯಾನೋಮೀಟರ್ ಬೆಳಕು ಹಾಯಿಸಿ 450ರ ಸುಮಾರಿನಲ್ಲಿ ಹೊಳಪನ್ನು ಅಳೆಯುತ್ತಾರೆ.

ತಪ್ಪಾಗುವುದು ಹೆಚ್ಚಾಗಿ ನಾಲ್ಕು ಕಡೆ. ಗ್ಲೂಕುರೋನಿಡೇಸ್ ಹಂತ ಬಿಟ್ಟರೆ ಅಥವಾ ಅರ್ಧಕ್ಕೆ ನಿಲ್ಲಿಸಿದರೆ ಬಹುತೇಕ ಏನೂ ಕಾಣುವುದಿಲ್ಲ, ಏಕೆಂದರೆ ಮೂತ್ರದಲ್ಲಿ ಬಿಡಿಯಾಗಿ ಇರುವುದು ತೀರಾ ಕಡಿಮೆ. ಆಗ ಆರೋಗ್ಯವಂತನನ್ನೂ ಕಿಣ್ವ ಇಲ್ಲದವನೆಂದು ತಪ್ಪಾಗಿ ಬರೆದುಬಿಡುತ್ತಾರೆ. ದ್ರಾವಣ ಕ್ಷಾರೀಯವಾಗದಿದ್ದರೆ ಹೊಳಪು ಕುಗ್ಗುತ್ತದೆ. ಒಂದು ಬಾರಿಯ ಮೂತ್ರ ತಪ್ಪಿಹೋದರೂ ಶೇಕಡಾವಾರು ಸುಳ್ಳಾಗುತ್ತದೆ, ಮೊದಲ 2 ಗಂಟೆಯದು ಹೋದರಂತೂ ಪರೀಕ್ಷೆಯನ್ನೇ ಮತ್ತೆ ಮಾಡಬೇಕು. ನಾಲ್ಕನೆಯದು ಲೆಕ್ಕದ ತಪ್ಪು: 7-ಹೈಡ್ರಾಕ್ಸಿಕೂಮರಿನ್‌ನ ಅಣುತೂಕ 162, ಕೂಮರಿನ್‌ನದು 146. 5 ಮಿಲಿಗ್ರಾಂ ಪೂರ್ತಿ ಬದಲಾದರೆ ಸಿಗುವುದು 5.55 ಮಿಲಿಗ್ರಾಂ. ಇದನ್ನು ಮರೆತು 5ರಿಂದಲೇ ಭಾಗಿಸಿದರೆ ಉತ್ತರ 11% ಹೆಚ್ಚು ಬರುತ್ತದೆ.

ಖಾಲಿ ಮಾದರಿ ಏಕೆ ಬೇಕೆಂದರೆ, 7-ಹೈಡ್ರಾಕ್ಸಿಕೂಮರಿನ್ ಕೆಲವು ಸಸ್ಯಗಳಲ್ಲಿ ಅಂಬೆಲಿಫೆರೋನ್ ಎಂಬ ಹೆಸರಲ್ಲಿ ಸಹಜವಾಗಿಯೇ ಇದೆ. ಅದೇ ಕಾರಣಕ್ಕೆ, ಯಾವಾಗಲೋ ಒಮ್ಮೆ ಕೊಟ್ಟ ಮೂತ್ರದಲ್ಲಿ ಇದು ಸಿಕ್ಕಿತೆಂದು ಸೆಂಟನ್ನು ದೂರುವಂತಿಲ್ಲ. ಸೆಂಟಿನದೋ ಊಟದ್ದೋ ಎಂದು ಆ ಅಂಕಿ ಹೇಳುವುದಿಲ್ಲ.

ದಿನಕ್ಕೆ ಎಷ್ಟರವರೆಗೆ ಪರವಾಗಿಲ್ಲ?

ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2004ರಲ್ಲಿ ಹಾಕಿದ ಮಿತಿ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 0.1 ಮಿಲಿಗ್ರಾಂ. ನಾಯಿಗಳಲ್ಲಿ ಪಿತ್ತಜನಕಾಂಗಕ್ಕೆ ಹಾನಿ ಕಾಣದ 10 ಮಿಲಿಗ್ರಾಂ ಪ್ರಮಾಣವನ್ನು 100ರಿಂದ ಭಾಗಿಸಿ ಇದನ್ನು ಪಡೆದರು. 2008ರಲ್ಲಿ ಮತ್ತೆ ನೋಡಿ ಅದನ್ನೇ ಉಳಿಸಿಕೊಂಡರು. ಒಂದೆರಡು ವಾರದ ಮಟ್ಟಿಗೆ ಇದರ ಮೂರು ಪಟ್ಟು ಆದರೂ ಆತಂಕವಿಲ್ಲ ಎಂದೂ ಹೇಳಿದರು. 60 ಕಿಲೋ ತೂಕದವರಿಗೆ 6 ಮಿಲಿಗ್ರಾಂ, 15 ಕಿಲೋದ ಮಗುವಿಗೆ 1.5 ಮಿಲಿಗ್ರಾಂ. ಇದು ಜೀವನಪೂರ್ತಿ ಪ್ರತಿದಿನ ಸೇರಿದರೂ ಸರಿ ಎನ್ನುವ ಮಿತಿ, ದಾಟಿದ ದಿನವೇ ವಿಷವಾಗುವ ಗೆರೆಯಲ್ಲ.

ಒಂದು ಮಾದರಿ ಲೆಕ್ಕ ಮಾಡೋಣ. ಸೆಂಟಿನಲ್ಲಿ 15% ಪರಿಮಳ ಮಿಶ್ರಣ, ಆ ಮಿಶ್ರಣದಲ್ಲಿ 3% ಕೂಮರಿನ್ ಎಂದಿಟ್ಟುಕೊಳ್ಳಿ. ಅಂದರೆ ಸೆಂಟಿನಲ್ಲಿ 0.45%. ಒಂದು ಒತ್ತಿಗೆ 0.1 ಮಿಲಿಲೀಟರ್, ತೂಕದಲ್ಲಿ ಸುಮಾರು 85 ಮಿಲಿಗ್ರಾಂ. ಅದರಲ್ಲಿ ಕೂಮರಿನ್ 0.38 ಮಿಲಿಗ್ರಾಂ. ದಿನಕ್ಕೆ 6 ಒತ್ತು ಎಂದರೆ 2.3 ಮಿಲಿಗ್ರಾಂ, 60% ಹೀರಿಕೆಯಾದರೆ 1.4 ಮಿಲಿಗ್ರಾಂ. 60 ಕಿಲೋದವರಿಗೆ ಪ್ರತಿ ಕಿಲೋಗೆ 0.023 ಮಿಲಿಗ್ರಾಂ. ಜೊತೆಗೆ ಮೈತುಂಬ 8 ಗ್ರಾಂ ಲೋಷನ್, ಅದರಲ್ಲಿ 0.3% ಮಿಶ್ರಣ, ಅದರ 3% ಕೂಮರಿನ್ ಇದ್ದರೆ 0.72 ಮಿಲಿಗ್ರಾಂ, ಹೀರಿಕೆ 0.43 ಮಿಲಿಗ್ರಾಂ. ಎರಡೂ ಸೇರಿದರೂ 6 ಮಿಲಿಗ್ರಾಂನ ಮೂರನೇ ಒಂದು ಪಾಲಿಗಿಂತ ಕಡಿಮೆ.

ಈ ಹೋಲಿಕೆಗೆ ಒಂದು ಎಚ್ಚರಿಕೆ: ಮಿತಿಯನ್ನು ಹಾಕಿರುವುದು ಬಾಯಿಂದ ಹೋಗುವ ಕೂಮರಿನ್‌ಗೆ. ಚರ್ಮದ ದಾರಿಯಲ್ಲಿ ಪಿತ್ತಜನಕಾಂಗಕ್ಕೆ ಒಮ್ಮೆಲೇ ಭಾರ ಬೀಳುವುದಿಲ್ಲವಾದ್ದರಿಂದ ಒಟ್ಟು ಮಿಲಿಗ್ರಾಂ ಒಂದೇ ಆದರೂ ಪರಿಣಾಮ ಒಂದೇ ಅಲ್ಲ. ಇನ್ನು ಊಟದ ಪಾಲನ್ನು ಮರೆಯುವಂತಿಲ್ಲ. ಕ್ಯಾಸಿಯಾ ಜಾತಿಯ ದಾಲ್ಚಿನ್ನಿಯಲ್ಲಿ ಪ್ರತಿ ಕಿಲೋಗೆ ಸರಾಸರಿ 3 ಗ್ರಾಂ ಕೂಮರಿನ್ ಇರಬಹುದು. ಅಂಥ 2 ಗ್ರಾಂ ಪುಡಿಯಲ್ಲೇ 6 ಮಿಲಿಗ್ರಾಂ ಬಂತು. ಸಿಲೋನ್ ದಾಲ್ಚಿನ್ನಿಯಲ್ಲಿ ಅದು ತೀರಾ ಕಡಿಮೆ. ಸೆಂಟಿನ ಬಗ್ಗೆ ಚಿಂತಿಸುವವರು ದಿನಾ ಕ್ಯಾಸಿಯಾ ಪುಡಿಯ ಮಾತ್ರೆ ನುಂಗುತ್ತಿದ್ದರೆ ಮೊದಲು ಬಿಡಬೇಕಾದ್ದು ಮಾತ್ರೆಯನ್ನು.

ಪಿತ್ತಜನಕಾಂಗದ ಕಾಯಿಲೆ ಇರುವವರು ಏನು ಮಾಡಬೇಕು?

ಬಾಯಿಂದ ಹೋಗುವುದನ್ನು ಮೊದಲು ತಗ್ಗಿಸಬೇಕು, ಪಿತ್ತಜನಕಾಂಗಕ್ಕೆ ನೇರ ಭಾರ ಅದೇ. ಸೆಂಟನ್ನು ಬಟ್ಟೆಗೆ ಹಾಕಿಕೊಂಡರೆ ಚರ್ಮದ ಹೀರಿಕೆ ಬಹಳಷ್ಟು ಇಳಿಯುತ್ತದೆ. ಮೈತುಂಬ ಹಚ್ಚುವ ಲೋಷನ್ ಪರಿಮಳ ಇಲ್ಲದ್ದಾಗಿರಲಿ. ರಕ್ತಪರೀಕ್ಷೆಯಲ್ಲಿ ಎಎಲ್‌ಟಿ ಎಂಬ ಪಿತ್ತಜನಕಾಂಗದ ಕಿಣ್ವ ಏರಿದ್ದರೆ ದಾಲ್ಚಿನ್ನಿ ಮಾತ್ರೆ, ಗಿಡಮೂಲಿಕೆ ಮದ್ದು ಏನೇನು ತೆಗೆದುಕೊಳ್ಳುತ್ತಿದ್ದೀರಿ ಎಂಬುದನ್ನು ವೈದ್ಯರಿಗೆ ತಪ್ಪದೆ ಹೇಳಿ. ಅವರು ಕೇಳಲು ಮರೆಯುವ ಸಂಗತಿ ಇದು.

ನೀರು ಹೆಚ್ಚು ಕುಡಿದರೆ ಬೇಗ ಹೊರಹೋಗುತ್ತದೆಯೇ?

ಇಲ್ಲ. ವೇಗ ನಿರ್ಧರಿಸುವುದು ಪಿತ್ತಜನಕಾಂಗದ ಕಿಣ್ವ. ನೀರು ಹೆಚ್ಚಾದರೆ ಮೂತ್ರ ತೆಳುವಾಗುತ್ತದೆ, ಹೊರಹೋಗುವ ಒಟ್ಟು ಪ್ರಮಾಣ ಬದಲಾಗುವುದಿಲ್ಲ. ದೇಹ ಶುದ್ಧಿಯ ಹೆಸರಲ್ಲಿ ಮಾರುವ ಪಾನೀಯಗಳ ಅಗತ್ಯವೂ ಇಲ್ಲ.

ನನಗೆ ಅಲರ್ಜಿ ಆಗುತ್ತದೆ. ಅದಕ್ಕೂ ಹೀರಿಕೆಗೂ ಏನು ಸಂಬಂಧ?

ಅಲರ್ಜಿ ನಡೆಯುವುದು ಚರ್ಮದಲ್ಲೇ. ಅಣು ಅಲ್ಲಿನ ಪ್ರೋಟೀನಿಗೆ ಅಂಟಿ, ರೋಗನಿರೋಧಕ ಕೋಶಗಳು ಅದನ್ನು ಗುರುತಿಟ್ಟುಕೊಂಡಾಗ ಕೆಂಪು, ತುರಿಕೆ ಶುರು. ರಕ್ತಕ್ಕೆ ಎಷ್ಟು ಹೋಯಿತು, ಎಷ್ಟು ಬೇಗ ಹೊರಬಿತ್ತು ಎಂಬುದು ಇಲ್ಲಿ ಮುಖ್ಯವಲ್ಲ, ಒಂದು ಚದರ ಸೆಂಟಿಮೀಟರಿನ ಮೇಲೆ ಎಷ್ಟು ಬಿತ್ತು ಎಂಬುದು ಮುಖ್ಯ. ಶುದ್ಧ ಕೂಮರಿನ್ ದುರ್ಬಲ ಅಲರ್ಜಿಕಾರಕ. ಡೈಹೈಡ್ರೋಕೂಮರಿನ್‌ನಂಥ ಕಲಬೆರಕೆ ಉಳಿದಿದ್ದಾಗ ಪರೀಕ್ಷೆಗಳಲ್ಲಿ ಪ್ರತಿಕ್ರಿಯೆ ಹೆಚ್ಚು ಕಂಡಿದೆ. ಯುರೋಪಿನ ನಿಯಮದ ಪ್ರಕಾರ ಚರ್ಮದ ಮೇಲೆ ಉಳಿಯುವ ವಸ್ತುವಿನಲ್ಲಿ 0.001%, ತೊಳೆದುಹೋಗುವುದರಲ್ಲಿ 0.01% ದಾಟಿದರೆ ಕೂಮರಿನ್ ಎಂದು ಚೀಟಿಯ ಮೇಲೆ ಹೆಸರಿಸಿ ಬರೆಯಲೇಬೇಕು. ಅನುಮಾನವಿದ್ದರೆ ಚರ್ಮತಜ್ಞರಲ್ಲಿ ಪ್ಯಾಚ್ ಪರೀಕ್ಷೆ ಮಾಡಿಸಿ. ಬೆನ್ನಿಗೆ ಅಂಟಿಸಿದ ಪಟ್ಟಿಯನ್ನು 2 ದಿನಕ್ಕೆ ತೆಗೆದು, ಆಗೊಮ್ಮೆ ಮತ್ತು ಒಂದೆರಡು ದಿನ ಬಿಟ್ಟು ಇನ್ನೊಮ್ಮೆ ನೋಡುತ್ತಾರೆ. ಎರಡನೇ ಭೇಟಿ ತಪ್ಪಿಸಬೇಡಿ, ತಡವಾಗಿ ಏಳುವ ಪ್ರತಿಕ್ರಿಯೆ ಕಾಣುವುದು ಆಗಲೇ.